ಹಂದಿ ಎಣಿಸುವ ಡಾರ್ಲಾ

ಬೆಳಗಿನ ಆರೂಮುಕ್ಕಾಲು. ಮೂಡಲು ಇನ್ನೂ ಸರಿಯಾಗಿ ಕೆಂಪಾಗಿಲ್ಲ. ಎಮಿಲ್ ಹ್ರಾಡಿಲ್ ಅವರ ಮೆಕ್ಕೆಜೋಳದ ಹೊಲದಲ್ಲಿ ಡಾರ್ಲಾ ಮಿಕುಲೆಂಕಾ ಹಣೆಗೆ ದೀಪ ಕಟ್ಟಿಕೊಂಡು, ಸೊಂಟ ಬಗ್ಗಿಸಿ ನೆಲ ನೋಡುತ್ತಾ ನಡೆಯುತ್ತಿದ್ದಾರೆ. ರಾತ್ರಿಯಿಡೀ ರೆಪ್ಪೆಗೆ ರೆಪ್ಪೆ ಹಚ್ಚಿಲ್ಲ. ಟ್ರಕ್ಕಿನ ಮೂತಿಯ ಮೇಲಿಟ್ಟ ಕಾಫಿ ಆರಿ ತಣ್ಣಗಾಗಿದೆ. ಗಸಗಸೆ ಹೂರಣದ ಕೊಲಾಚಿ ಎಂಬ ಸಿಹಿ ಬನ್ನನ್ನು ಒಂದು ಸಲ ಕಚ್ಚಿ ಹಾಗೇ ಇಟ್ಟಿದ್ದಾರೆ.

"ಏಳು ಇರ್ಬೇಕಿತ್ತು. ಎಂಟಿತ್ತು. ಆ ಎಂಟನೇದು ಏನು ಅಂತ ಗೊತ್ತಾಗೋವರೆಗೂ ನನಗೆ ತುತ್ತು ಇಳಿಯಲ್ಲ," ಎನ್ನುತ್ತಾರೆ.

ಡಾರ್ಲಾಗೆ ಐವತ್ತೇಳು ವರ್ಷ. ರಾತ್ರಿ ಹೊತ್ತು ಪೇಟೆಯ ಬೇಟೆಗಾರರನ್ನು ಹೊಲಕ್ಕೆ ಕರೆದೊಯ್ದು ಕಾಡುಹಂದಿ ಹೊಡೆಸುವುದು ಅವರ ಕೆಲಸ. ಟೆಕ್ಸಸ್ಸಿನ ಈ ಭಾಗದಲ್ಲಿ ಹಂದಿಯ ಕಾಟ ಏನೆಂದು ಬಿತ್ತಿದವರನ್ನೇ ಕೇಳಬೇಕು. ಇವತ್ತು ಬೀಜ ಹಾಕಿದರೆ ನಾಳೆ ರಾತ್ರಿ ಬಂದು, ಸಾಲು ಹಿಡಿದು, ಒಂದೊಂದೇ ಕಾಳನ್ನು ಮೂತಿಯಿಂದ ಎಬ್ಬಿಸಿ ತಿಂದು ಹೋಗುತ್ತವೆ. ಗುಂಡು ಹೊಡೆದವನ ಫೋಟೋ ಎಲ್ಲರ ಫೋನಿನಲ್ಲೂ ಓಡಾಡುತ್ತದೆ. ಅವನ ಭುಜದ ಹಿಂದೆ ನಿಂತು 'ಹೂಂ' ಅಥವಾ 'ಬೇಡ' ಎಂದವಳನ್ನು ಯಾರೂ ಕೇಳುವುದಿಲ್ಲ.

ಇದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದರು. ಹತ್ತಿಸಿಕೊಳ್ಳುವಾಗ ಎಣಿಕೆ, ಇಳಿಸುವಾಗ ಎಣಿಕೆ. ಆ ಚಟ ಹೋಗಲೇ ಇಲ್ಲ. ವರ್ಷಕ್ಕೆ ನೂರೈವತ್ತು ರಾತ್ರಿ ಹೊಲದಲ್ಲಿರುತ್ತಾರೆ, ದಿನಕ್ಕೆ ನಾಲ್ಕು ಗಂಟೆ ಮಲಗಿದರೆ ಹೆಚ್ಚು. ಸಂಜೆಯಾದರೆ ಕೂತಲ್ಲಿ ಕೂರಲಾರರು. ಗಾಳಿ ಯಾವ ಕಡೆಗಿದೆ ಎಂದು ಪೌಡರ್ ಊದಿ ನೋಡುತ್ತಾರೆ, ಐದು ನಿಮಿಷಕ್ಕೆ ಮತ್ತೆ ಊದುತ್ತಾರೆ. ರಾತ್ರಿ ಒಂಬತ್ತಕ್ಕೆ ಸುತ್ತಲಿನ ಹನ್ನೊಂದು ಮನೆಗೆ ಫೋನು: ನಾಯಿ ಎಲ್ಲಿದೆ, ಕರು ಎಲ್ಲಿದೆ, ನೀವೆಲ್ಲಿದ್ದೀರಿ?

ಈ ಫೋನಿಗೂ ಒಂದು ಕಾರಣವಿದೆ. ಮೂರು ವರ್ಷದ ಹಿಂದೆ ಡಾರ್ಲಾ 'ಹೂಂ' ಎಂದ ಮೇಲೆ ಬಿದ್ದದ್ದು ಹಂದಿಯಲ್ಲ, ಇಮೆಲ್ಡಾ ಕಾಂತು ಅವರ ಮೇಕೆ ಕಾಯುವ ಬಿಳಿ ನಾಯಿ. ಶಾಖ ತೋರಿಸುವ ದುರ್ಬೀನಿನಲ್ಲಿ ಮೈ ಬೆಚ್ಚಗಿರುವುದೆಲ್ಲ ಬೆಳ್ಳಗೆ ಕಾಣುತ್ತದೆ. ಮಲಗಿದ ನಾಯಿಯೂ ಅಷ್ಟೇ, ಹಂದಿಯೂ ಅಷ್ಟೇ. ನಾಯಿಯನ್ನು ಹೊದಿಕೆಯಲ್ಲಿ ಸುತ್ತಿ, ಮಧ್ಯರಾತ್ರಿ ಇಮೆಲ್ಡಾರ ಬಾಗಿಲು ತಟ್ಟಿದ್ದು ಡಾರ್ಲಾ ಅವರೇ.

"ಆ ಹೆಂಗಸು ನನ್ನ ಬಯ್ಯಲಿಲ್ಲ ಕಣ್ರೀ. ಬೈದಿದ್ರೆ ಒಂದಿನ ಮರೀತಿದ್ನೇನೋ," ಎನ್ನುತ್ತಾರೆ.

ಈಗ ಎಮಿಲ್ ವಿಷಯ. ಎಪ್ಪತ್ತಾರರ ಹಟವಾದಿ. ಹೊಲಕ್ಕೆ ಹಂದಿ ನುಗ್ಗಿದ್ದರಿಂದ ಅವರು ಎರಡು ಸಲ ಬಿತ್ತಿದ್ದಾಗಿದೆ, ಎರಡು ರಾತ್ರಿ ಡಾರ್ಲಾ ಬರಿಗೈಲಿ ವಾಪಸಾಗಿದ್ದಾರೆ. ನಿನ್ನೆ ಸಂಜೆ ಮುದುಕ ಕಡ್ಡಿ ಮುರಿದಂತೆ ಹೇಳಿದ್ದರು: "ಬೆಳಗ್ಗೆ ನನ್ನ ಹೊಲದಲ್ಲಿ ಹಂದಿ ಬಿದ್ದಿರ್ಬೇಕು. ಇಲ್ಲಾಂದ್ರೆ ಗೇಟಿನ ಬೀಗದ ಕೈ ಕೊಟ್ಟು ನಡಿ. ಮೇಲಿಂದ ಹಂದಿ ಹೊಡೆಯೋ ಹೆಲಿಕಾಪ್ಟರ್‌ನವರು ದಿನಾ ಫೋನ್ ಮಾಡ್ತಿದಾರೆ." ಎಮಿಲ್ ಕೈಬಿಟ್ಟರೆ ಉಳಿದವರೂ ಕೈಬಿಡುತ್ತಾರೆ. ಡಾರ್ಲಾಗೆ ಆ ಮೇಲೆ ಕಾಲಿಡಲು ಹೊಲವೇ ಇಲ್ಲ.

ನಿನ್ನೆಯ ಬೇಟೆಗಾರ ಉತ್ತರದ ದೊಡ್ಡ ಊರಿನವರು. ಹೆಸರು ಬೇಡ, ದಂತವೈದ್ಯರು ಎಂದರೆ ಸಾಕು. ರಾತ್ರಿ ಹನ್ನೊಂದೂವರೆಗೆ ಹಂದಿಗಳು ಬಂದವು. ಮರಕ್ಕೆ ಕಟ್ಟಿದ ಕ್ಯಾಮೆರಾ ಮೂರು ವಾರದಿಂದ ತೋರಿಸಿದ್ದು ಏಳನ್ನೇ: ಒಂದು ದೊಡ್ಡ ಹೆಣ್ಣು, ಎರಡು ಪ್ರಾಯದವು, ನಾಲ್ಕು ಮರಿ. ಡಾರ್ಲಾ ದುರ್ಬೀನಿಟ್ಟು ಎಣಿಸಿದರು. ಎಂಟು. ಮತ್ತೊಮ್ಮೆ ಎಣಿಸಿದರು. ಓಕ್ ಮರಗಳ ಅಂಚಿನಲ್ಲಿ, ದೊಡ್ಡ ಹೆಣ್ಣಿನ ಹಿಂದೆಯೇ, ಮರಿಯಷ್ಟು ಗಾತ್ರದ ಬಿಳಿ ಚುಕ್ಕೆಯೊಂದು ಸುಮ್ಮನೆ ಕೂತಿತ್ತು.

"ಮೇಡಂ, ಹೊಡೀಲಾ? ದೊಡ್ಡದು ಪಕ್ಕೆ ತೋರಿಸ್ಕೊಂಡು ನಿಂತಿದೆ."

"ಬೇಡ."

"ಬೇಡ್ವಾ? ಕಣ್ಮುಂದೇನೇ ಇದೆಯಲ್ರೀ!"

"ಬೆರಳು ತೆಗೀರಿ ಟ್ರಿಗರ್‌ನಿಂದ. ಒಂದು ಜಾಸ್ತಿ ಇದೆ."

"ಜಾಸ್ತಿ ಇದ್ರೆ ಒಳ್ಳೇದಲ್ವಾ? ನಾಲ್ಕು ಗಂಟೆ ಕಾರು ಓಡಿಸ್ಕೊಂಡು ಬಂದಿರೋದು ಹಂದಿ ಎಣಿಸೋಕಾ?"

"ಹಂದಿ ಅಂದ್ಮೇಲೆ ತಿನ್ನಬೇಕು ಸ್ವಾಮಿ. ಆ ಎಂಟನೇದು ತಿಂತಾ ಇಲ್ಲ."

ಆತ ಕೇಳಲಿಲ್ಲ, ಮತ್ತೆ ಗುರಿ ಹಿಡಿದರು. ಡಾರ್ಲಾ ಬಂದೂಕಿನ ನಳಿಗೆ ಹಿಡಿದು ಆಕಾಶಕ್ಕೆ ಎತ್ತಿಬಿಟ್ಟರು. ಈ ಎಳೆದಾಟದ ಸದ್ದಿಗೆ ಹಂದಿಗಳು ದಿಕ್ಕಾಪಾಲಾದವು. ದಂತವೈದ್ಯರು ದಾರಿಯುದ್ದಕ್ಕೂ ಬೈದು, ಡಾರ್ಲಾರ ಹಿತ್ತಲ ಕೋಣೆಗೆ ಹೋಗಿ ದಢಾರನೆ ಬಾಗಿಲು ಹಾಕಿಕೊಂಡರು. ಡಾರ್ಲಾ ದೀಪ ಹಿಡಿದು ಒಬ್ಬರೇ ವಾಪಸ್ ಹೋಗಿ ಅಂಚೆಲ್ಲ ತಡಕಿದರು, ಏನೂ ಸಿಗಲಿಲ್ಲ. ಬೆಳಕಾಗುವವರೆಗೆ ಟ್ರಕ್ಕಿನ ಸುತ್ತ ಶತಪಥ ಹಾಕಿದರು. ಎಣಿಕೆಯೇ ತಪ್ಪಿತ್ತೇ? ಹೆದರುಪುಕ್ಕಲಿ ಆಗಿಬಿಟ್ಟೆನೇ? ಇದೇ ಯೋಚನೆ.

ಈಗ ಓಕ್ ಮರಗಳ ಅಂಚಿಗೆ ಬಂದು ತಟ್ಟನೆ ನಿಲ್ಲುತ್ತಾರೆ. ಒದ್ದೆ ಮಣ್ಣಿನಲ್ಲಿ ರಬ್ಬರ್ ಬೂಟಿನ ಗುರುತು, ಎಡಗಾಲು ಎಳೆದುಕೊಂಡು ನಡೆದ ಗೀರು. ಮರದ ಬುಡದಲ್ಲಿ ಯಾರೋ ಬಹಳ ಹೊತ್ತು ಕೂತು ಹುಲ್ಲು ಮಲಗಿದೆ. ಹೆಜ್ಜೆಗಳು ನೆಟ್ಟಗೆ ಎಮಿಲ್ ಅವರ ಹಿತ್ತಲ ಬಾಗಿಲಿಗೇ ಹೋಗಿವೆ. ಎಳೆಯುವ ಆ ಎಡಗಾಲು ಯಾರದೆಂದು ಡಾರ್ಲಾಗೆ ಗೊತ್ತು; ಹೆಜ್ಜೆ ಹಿಡಿದು ಅದೇ ಬಾಗಿಲಿಗೆ ನಡೆಯುತ್ತಾರೆ.

ಅಡುಗೆಮನೆಯಲ್ಲಿ ಎಮಿಲ್ ಅವರ ಹೆಂಡತಿ ವ್ಲಾಸ್ತಾ ಸಾಸೇಜು ಹುರಿಯುತ್ತಿದ್ದಾರೆ.

"ಹಂದಿ ಎಲ್ಲಿ?" ಎಮಿಲ್ ತಲೆಯೆತ್ತದೆ ಕೇಳುತ್ತಾರೆ. "ಬೀಗದ ಕೈ ಮೇಜಿನ ಮೇಲಿಡು."

"ಇಡ್ತೀನಿ. ಮೊದ್ಲು ಹೇಳಿ, ನಿನ್ನೆ ಒಂಬತ್ತಕ್ಕೆ ಫೋನ್ ಮಾಡಿದಾಗ ಎಲ್ಲಿದೀನಿ ಅಂದ್ರಿ?"

"ಹಾಸಿಗೇಲಿ."

"ಹಾಸಿಗೇಲಾ?" ವ್ಲಾಸ್ತಾ ತಿರುಗುತ್ತಾರೆ. "ನನಗೆ ಎಚ್ಚರ ಆದಾಗ ನಿನ್ನ ಗೊರಕೆ ಇರ್ಲಿಲ್ಲ. ಬಚ್ಚಲಲ್ಲಿದೀಯ ಅಂದ್ಕೊಂಡೆ."

"ಬಂದೂಕು ನಿಮ್ಮ ಎದೆಗೇ ನೇರ ಇತ್ತು ಎಮಿಲ್," ಎನ್ನುತ್ತಾರೆ ಡಾರ್ಲಾ. ಸಿಟ್ಟೂ ಅಳುವೂ ಒಟ್ಟಿಗೆ ಬಂದಿವೆ. "ದಪ್ಪ ಕೋಟು ಹೊದ್ದು ಮುದುರಿ ಕೂತಿದ್ರಿ. ಮುಖ, ಕೈ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಹಂದಿಮರಿ ಥರ ಇದ್ರಿ ಮಾರಾಯ್ರೇ, ಹಂದಿಮರಿ ಥರ!"

ವ್ಲಾಸ್ತಾ ಒಲೆ ಆರಿಸುತ್ತಾರೆ. ಡಾರ್ಲಾ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಡುತ್ತಾರೆ.

"ನಿನ್ನ ಮೇಲೆ ನಂಬಿಕೆ ಹೋಗಿತ್ತು," ಎಮಿಲ್ ಕೊನೆಗೆ ಹೇಳುತ್ತಾರೆ. "ನಾನೇ ಹೊಡೆಯೋಣ ಅಂತ ಹೋದೆ. ಆ ದೊಡ್ಡ ಹಂದಿ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಬಂದೂಕು ಎತ್ತೋಕೆ ಭುಜ ಏಳಲಿಲ್ಲ." ಮುದುಕನಿಗೆ ಹೇಳಲು ಕಷ್ಟವಾದದ್ದು ಆ ಕೊನೆಯ ಮಾತೇ. ಆಮೇಲೆ ಮೇಜಿನ ಮೇಲಿದ್ದ ಬೀಗದ ಕೈಯನ್ನು ಬೆರಳಿನಿಂದ ಡಾರ್ಲಾರ ಕಡೆಗೆ ತಳ್ಳುತ್ತಾರೆ. "ಹೆಲಿಕಾಪ್ಟರ್‌ನವರಿಗೆ ಬೇಡ ಅಂತೀನಿ."

"ಇವನ ಬೂಟನ್ನೂ ತಗೊಂಡು ಹೋಗಮ್ಮಾ," ಎನ್ನುತ್ತಾರೆ ವ್ಲಾಸ್ತಾ, ಕಣ್ಣೊರೆಸಿಕೊಳ್ಳುತ್ತಾ.

ಹತ್ತು ಗಂಟೆಗೆ ದಂತವೈದ್ಯರು ಚೀಲ ಕಾರಿಗೆ ತುಂಬುತ್ತಿದ್ದಾರೆ. ಸಿಟ್ಟು ಇಳಿದಿಲ್ಲ.

"ಎಲ್ಲರಿಗೂ ಹೇಳ್ತೀನಿ ಮೇಡಂ, ನೀವು ಹೊಡೆಯೋಕೇ ಬಿಡಲ್ಲ ಅಂತ. ಹೋಗ್ಲಿ, ಆ ಎಂಟನೇದು ಏನಂತ ಗೊತ್ತಾಯ್ತಾ?"

ಡಾರ್ಲಾ ಒಂದು ಗಳಿಗೆ ಆತನ ಕೈ ನೋಡುತ್ತಾರೆ. ತೆಳುವಾದ, ಶುಭ್ರವಾದ ಬೆರಳುಗಳು.

"ಇಲ್ಲ ಸ್ವಾಮಿ. ನನ್ನ ಎಣಿಕೆನೇ ತಪ್ಪಿರ್ಬೇಕು."

ಕಾರು ಗೇಟು ದಾಟುವವರೆಗೆ ನಿಂತು ನೋಡುತ್ತಾರೆ. ಹೀಗೇಕೆ ಹೇಳಿದಿರಿ, ನಿಮ್ಮ ಹೆಸರೇ ಕೆಡುತ್ತದಲ್ಲ ಎಂದರೆ ತಲೆ ಕೊಡವುತ್ತಾರೆ.

"ಕೆಡಲಿ ಬಿಡಿ. ಅವ್ರು ಸೋಮವಾರ ಯಾರದೋ ಬಾಯಲ್ಲಿ ಕೈ ಇಡಬೇಕು. ಆ ಕೈ ನಡುಗಬಾರದು."