ಬಣ್ಣ ಬಿಟ್ಟ ನೇರಳೆ ಹರಳು

ತೇನಿಯ ಬಸ್ ನಿಲ್ದಾಣದ ಪಕ್ಕ ಹರಳು ಮಾರುತ್ತಿದ್ದ ಆತ, ತಿಳಿ ನೇರಳೆ, ಕಡು ನೇರಳೆ ಕಲ್ಲುಗಳನ್ನು ಬೆಳಕಿಗೆ ಹಿಡಿದು ಕುಡುಕರ ಹೆಂಡಂದಿರಿಗೆ ಒಂದೇ ಮಾತು ಹೇಳುತ್ತಿದ್ದ: "ಬಣ್ಣ ಹೋದ್ರೆ ಕುಡ್ತದ ದೋಸ ಹೋದಂಗೆ, ತಾಯೀ." ಬೀದಿಗೊಂದು ಮದ್ಯದಂಗಡಿ ತೆರೆದದ್ದು ಒಂದು ಅನ್ಯಾಯ, ಆ ಸಂಕಟಕ್ಕೆ ಹರಳು ಮಾರುವುದು ಇನ್ನೊಂದು. ಅದನ್ನು ಅವನ ಮುಖಕ್ಕೇ ಹೇಳಲು ನಾನು ಹೋಗಿದ್ದ ದಿನ, ಹೆಂಗಸೊಬ್ಬಳು ಜನರ ನಡುವೆ ನುಗ್ಗಿ ಬಂದಳು.

"ಅಣ್ಣಾ, ಕಲ್ಲು ಬೆಳ್ಳಗಾಗೋಯ್ತು! ಅವ್ರ ಕುಡ್ತ ಬಿಡ್ಸೋ ಮಾತ್ರೆ ಇನ್ನ ನಿಲ್ಲಿಸ್ಬೋದು ತಾನೇ?"

ಹರಳು ಆರಿಸುತ್ತಿದ್ದ ಅವನ ಬೆರಳುಗಳು ನಿಂತವು. "ಎಲ್ಲಿ ಮಡಗಿದ್ದೆ?"

"ದಿನಾ ಹಾಲಾಗೆ ತೊಳ್ದು, ತುಳಸಿಕಟ್ಟೆ ಮ್ಯಾಲೆ, ಬಿಸ್ಲಾಗೆ."

ಕೊಳ್ಳಲು ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು.

"ಬಣ್ಣವ ಬಿಸ್ಲು ತಿಂದದೆ ತಾಯೀ, ದೋಸ ಅಲ್ಲ. ಮಾತ್ರೆ ನಿಲ್ಲಿಸ್ಬ್ಯಾಡ."

ಅವರು ಆರಿಸಿಕೊಂಡಿದ್ದ ಹರಳುಗಳು ಒಂದೊಂದಾಗಿ ತಟ್ಟೆಗೆ ಮರಳಿದವು. ಅವನು ಯಾರನ್ನೂ ತಡೆಯಲಿಲ್ಲ.