ಮೂರನೇ ಜಂಪಿನ ನಾಡಿನ್

ನಾಡಿನ್ ಸಾವ್‌ಚುಕ್‌ಗೆ ಐವತ್ನಾಲ್ಕು ವರ್ಷ. ನಮ್ಮ ಗುಡ್ಡದಲ್ಲಿ ಇಪ್ಪತ್ತೆರಡು ಚಳಿಗಾಲದಿಂದ ಅವಳದು ಒಂದೇ ಕೆಲಸ, ಮೂರನೇ ಜಂಪಿನ ಅಂಚನ್ನು ಸರಿಯಾಗಿಡುವುದು. ಸ್ನೋಬೋರ್ಡಿನವರು ಕಾಲಿಗೆ ಹಲಗೆ ಕಟ್ಟಿಕೊಂಡು ಮೇಲಿನಿಂದ ಜಾರಿಬಂದು, ಕಬ್ಬಿಣದ ಕಂಬಿಗಳ ಮೇಲೆ ಹಾದು, ಆಮೇಲೆ ಮೂರು ಹಿಮದ ದಿಬ್ಬಗಳಿಂದ ಒಂದರ ಹಿಂದೆ ಒಂದು ಹಾರುತ್ತಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಒಬ್ಬೊಬ್ಬರು ಹಾರಿದಾಗಲೂ ಅಂಚಿನ ಮೇಲೆ ಬೀಳುವ ಗೀರನ್ನು ನಾಡಿನ್ ಉದ್ದ ಹಿಡಿಯ ಹಲುಬೆಯಿಂದ ಎಳೆದು ಮಟ್ಟ ಮಾಡುತ್ತಾಳೆ. ನೀಲಿ ಗೆರೆ ಮಾಸಿದ್ದರೆ ಮತ್ತೆ ಬಳಿಯುತ್ತಾಳೆ. ಮೋಡದ ದಿನ ಬಿಳುಪಿನಲ್ಲಿ ಬಿಳುಪು ಬೆರೆತು ಅಂಚು ಕಾಣುವುದಿಲ್ಲ, ಅದಕ್ಕೆ ಆ ಗೆರೆ.

ಹಲುಬೆಯ ಹಿಡಿಯ ತುದಿಗೆ ಅವಳು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕಟ್ಟಿದ್ದಾಳೆ. ಐದು ವರ್ಷದ ಹಿಂದೆ ಅದು ಇರಲಿಲ್ಲ. ಗಾಳಿ ಎಷ್ಟಿದೆ ಎಂದು ತೀರ್ಪುಗಾರರ ಗೋಪುರದ ಮೇಲಿನ ಮೀಟರ್ ಹೇಳುತ್ತಿತ್ತು, ಅವಳು ನಂಬುತ್ತಿದ್ದಳು. ಒಂದು ಮಧ್ಯಾಹ್ನ ಮೀಟರ್ ಸರಿಯಿದೆ ಎಂದಿತು. ಅಂಚಿನ ಬಳಿ ಮಾತ್ರ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತಿತ್ತು. ಹಾರಿದ ಹುಡುಗಿ ಆಚೆಯ ಇಳಿಜಾರನ್ನು ಮುಟ್ಟದೆ ದಿಬ್ಬದ ಗಟ್ಟಿ ನೆತ್ತಿಯ ಮೇಲೆ ಬಿದ್ದಳು. ಅವಳು ಈಗ ನಡೆಯುತ್ತಾಳೆ, ಹಲಗೆ ಹತ್ತುವುದಿಲ್ಲ. ನಾಡಿನ್ ಮಾರನೆಯ ದಿನವೇ ಆ ಪಟ್ಟಿ ಕಟ್ಟಿದಳು. ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಜಾರುವವರಾಗಲಿ, ಹಿಮ ಕೆರೆಯುವ ನಾವಾಗಲಿ, ಗುಡ್ಡದ ಮೇಲೆ ‘ಕೊನೆಯದು’ ಎಂಬ ಮಾತು ಆಡುವುದಿಲ್ಲ. ಹಾಗೆಂದ ಸಲವೇ ಮೂಳೆ ಮುರಿಯುತ್ತದೆ ಎಂದು ನಂಬಿಕೆ. ಸಂಜೆ ಹೊರಡುವಾಗ, ‘ಇನ್ನೆರಡು ಇದೆ, ಒಂದನ್ನ ಬಿಟ್ಟುಬಿಡೋಣ’ ಎನ್ನುತ್ತೇವೆ. ಬಾಯಿ ತಪ್ಪಿ ಯಾರಾದರೂ ಅಂದುಬಿಟ್ಟರೆ, ಆ ಸಲ ಹೋಗುವವರ ಹಿಂದೆ ಮತ್ತೊಬ್ಬರು ಜಾರಿಹೋಗಬೇಕು. ಆಗ ಅದು ಕೊನೆಯದಾಗುವುದಿಲ್ಲ.

ಹೋದ ಮಾರ್ಚ್‌ನಲ್ಲಿ ಹೆಂಗಸರ ಅಂತರರಾಷ್ಟ್ರೀಯ ಸ್ಪರ್ಧೆಯ ಫೈನಲ್ ನಮ್ಮಲ್ಲಿ ನಡೆಯಿತು. ಹನ್ನೆರಡು ಜನ, ತಲಾ ಎರಡು ಸಲ, ಎರಡರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಅವರಲ್ಲಿ ಟೀಗನ್ ಲಾರಾಕ್ ನಮ್ಮ ಊರಿನವಳು. ಹತ್ತೊಂಬತ್ತು ವರ್ಷ, ಗುಡ್ಡದ ಬುಡದ ಅಂಗಡಿಯಲ್ಲಿ ಬಾಡಿಗೆ ಬೂಟುಗಳನ್ನು ಒಣಗಿಸುವ ಕೆಲಸ. ಏಳನೇ ವಯಸ್ಸಿನಲ್ಲಿ ಅವಳನ್ನು ಹಲಗೆಯ ಮೇಲೆ ನಿಲ್ಲಿಸಿದವಳು ನಾಡಿನ್. ಮೊದಲ ಆರರೊಳಗೆ ಬಂದರೆ ದೇಶದ ತಂಡದಲ್ಲಿ ಜಾಗ. ಟೀಗನ್ ಮೊದಲ ಸಲ ಕಂಬಿಯ ಮೇಲೇ ಬಿದ್ದಿದ್ದಳು. ಎರಡನೇ ಸುತ್ತಿನಲ್ಲಿ ಅವಳದು ಹನ್ನೆರಡನೇ ಸರದಿ. ಒಂದೂವರೆಗೆ ಟೀವಿಯ ಸಮಯ ಮುಗಿಯುತ್ತಿತ್ತು. ಅಷ್ಟರಲ್ಲಿ ಹೋಗದವರಿಗೆ ಮೊದಲ ಸಲದ ಅಂಕವೇ ಗತಿ.

ಹನ್ನೊಂದನೆಯವಳು ಇಳಿದಾಗ ಒಂದು ಗಂಟೆ ಹದಿನೆಂಟು ನಿಮಿಷ. ಪಶ್ಚಿಮದಿಂದ ಶಿನೂಕ್ ಎಂಬ ಬೆಚ್ಚನೆಯ ಬಿರುಗಾಳಿ ಎದ್ದಿತು. ಹಲುಬೆಯ ಪಟ್ಟಿ ಗುಡ್ಡದ ಮೇಲ್ಮುಖಕ್ಕೆ ನೆಟ್ಟಗೆ ಚಾಚಿತು. ನಾಡಿನ್ ಹಲುಬೆಯನ್ನು ತಲೆಯ ಮೇಲೆ ಅಡ್ಡ ಹಿಡಿದಳು. ಜಂಪ್ ಮುಚ್ಚಿದೆ ಎಂಬುದಕ್ಕೆ ಅದೇ ಗುರುತು.

ಗೋಪುರದಲ್ಲಿದ್ದ ಅಧಿಕಾರಿ ರೆಟ್ಟಿಗ್ ಆ ವಾರವಷ್ಟೇ ಹೊರದೇಶದಿಂದ ಬಂದವರು. ವಾಕಿಟಾಕಿಯಲ್ಲಿ ಕೇಳಿದರು, “ಮೂರನೇ ಜಂಪ್, ಯಾಕೆ ಮುಚ್ಚಿದ್ದೀರಿ? ಮೀಟರ್ ಸರಿಯಾಗಿದೆಯಲ್ಲ.”

“ಇಲ್ಲಿ ಸರಿಯಿಲ್ಲ ಸರ್,” ಎಂದಳು ನಾಡಿನ್.

“ಅಲ್ಲೇನು ಮೀಟರ್ ಇದೆಯಾ?”

“ಪಟ್ಟಿ ಇದೆ.”

“ನಿಯಮದಲ್ಲಿ ಪಟ್ಟಿ ಇಲ್ಲ. ಹಲುಬೆ ಇಳಿಸಿ. ಇದೇ ಕೊನೆಯದು, ಬಿಟ್ಟುಬಿಡಿ.”

ಮೇಲೆ ನಿಂತು ಒಬ್ಬೊಬ್ಬರನ್ನೇ ಬಿಡುತ್ತಿದ್ದ ಓರಿನ್ ವಾಕಿಟಾಕಿಯಲ್ಲಿ ಬಾಯಿ ಹಾಕಿದ. “ಅಂದೇಬಿಟ್ರಲ್ಲ ಪುಣ್ಯಾತ್ಮರು. ಟೀಗನ್‌ಗೂ ಕೇಳಿಸ್ತು. ಕೂತುಬಿಟ್ಲು.”

“ಕೂತ್ಕೊಳ್ಲಿ ಬಿಡು,” ಎಂದಳು ನಾಡಿನ್. “ಸರ್, ಆ ಮಾತು ಆಡಬಾರದಿತ್ತು ನೀವು. ಈಗ ಇವಳ ಹಿಂದೆ ಇನ್ನೊಬ್ರು ಹೋಗ್ಬೇಕು. ಯಾರು ಅಂತ ಗೊತ್ತಾಗೋವರೆಗೂ ಇಲ್ಲಿ ಯಾರೂ ಕದಲಲ್ಲ.”

“ಇದೆಂಥ ಹುಚ್ಚು?”

“ಹುಚ್ಚೇ ಸರ್. ಓರಿನ್, ನೀನು ಹೋಗ್ತೀಯಾ?”

“ನಂಗೆ ಸೊಂಟನೋವು.”

“ನಿನ್ನೆ ರಾತ್ರಿ ಕುಣಿಯೋವಾಗ ಇರ್ಲಿಲ್ಲ?”

“ಕುಣಿದಿದ್ದಕ್ಕೇ ಬಂದಿದ್ದು.”

“ಸರಿ. ಎರಡನೇ ಜಂಪು?”

ಎರಡನೇ ಜಂಪಿನಲ್ಲಿದ್ದವನು ನಾನು. ಹಲಗೆ ಕೆಳಗೆ ಬಿಟ್ಟುಬಂದಿದ್ದೇನೆ ಎಂದೆ. ಅದು ನನ್ನ ಬೆನ್ನ ಹಿಂದೆಯೇ ಹಿಮಕ್ಕೆ ಸಿಕ್ಕಿಸಿಟ್ಟಿತ್ತು. ನಾಡಿನ್ ಯಾರಿಗೂ ಅವಸರ ಮಾಡದೆ, ಮೊದಲನೇ ಜಂಪಿನವರನ್ನು ಕೇಳಿದಳು, ಕಂಬಿಯವರನ್ನು ಕೇಳಿದಳು. ಒಬ್ಬನ ಬೂಟಿನ ಲೇಸು ಹರಿದಿತ್ತು. ಒಬ್ಬ ಹೆಂಡತಿಯನ್ನು ಕೇಳಬೇಕು ಎಂದ. ಕೇಳುವಾಗೆಲ್ಲ ಅವಳ ಕಣ್ಣು ಪಟ್ಟಿಯ ಮೇಲೇ ಇತ್ತು.

ಒಂದು ಇಪ್ಪತ್ನಾಲ್ಕಕ್ಕೆ ಟೀಗನ್ ಓರಿನ್‌ನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು. “ನಾಡಿನ್, ಸಾಕು ನಿನ್ನ ಆಟ. ಹೊತ್ತಾಗ್ತಿದೆ.”

“ಗೊತ್ತು ಪುಟ್ಟಿ.”

“ಹೋಗ್ದಿದ್ರೆ ಇನ್ನೊಂದು ವರ್ಷ ಕಂಡೋರ ಬೂಟಿನ ವಾಸನೆ ಕುಡೀಬೇಕು ನಾನು.”

“ಅದಕ್ಕೂ ಕಾಲು ನೆಟ್ಟಗಿರ್ಬೇಕು ಕಣೇ. ಕೂತಿರು.”

ಇಪ್ಪತ್ತೇಳಕ್ಕೆ ಪಟ್ಟಿ ಜೋತುಬಿತ್ತು. ನಾಡಿನ್ ಇಪ್ಪತ್ತರವರೆಗೆ ಎಣಿಸಿದಳು. ಪಟ್ಟಿ ಏಳಲಿಲ್ಲ. ಹಲುಬೆ ಇಳಿಸಿ, ಅಂಚನ್ನು ಒಮ್ಮೆ ಎಳೆದು ಮಟ್ಟ ಮಾಡಿದಳು. “ಜನ ಸಿಕ್ಕಿದ್ರು. ನಾನೇ ಹೋಗ್ತೀನಿ. ಓರಿನ್, ಅವಳಿಗೆ ಇನ್ನೆರಡು ಇದೆ ಅಂತ ಹೇಳಿ ಬಿಡು.”

ಟೀಗನ್ ಬಂದಳು. ಕಂಬಿಗಳನ್ನು ಚೆನ್ನಾಗಿ ದಾಟಿದಳು, ಮೊದಲೆರಡು ಜಂಪ್‌ಗಳಲ್ಲಿ ಕುಂದಿರಲಿಲ್ಲ. ಮೂರನೆಯದರಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ, ಇಳಿಜಾರಿನಲ್ಲಿ ಇಳಿಯಬೇಕಾದಲ್ಲೇ ಇಳಿದಳು. ಇಳಿದ ಮೇಲೆ ಎಡಗೈ ಹಿಮಕ್ಕೆ ತಾಗಿತು.

ನಾನು ನನ್ನ ಹಲಗೆಯನ್ನು ನಾಡಿನ್‌ಗೆ ಕೊಂಡೊಯ್ದು ಕೊಟ್ಟೆ. “ಕೆಳಗೆ ಬಿಟ್ಟಿದ್ದು ಮೇಲೆ ಹತ್ತಿ ಬಂತಾ?” ಎಂದಳು. ಅವಳ ಬಲ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದೆ. ಒಂಬತ್ತು ವರ್ಷದಿಂದ ಹಲಗೆ ಮುಟ್ಟಿರಲಿಲ್ಲ. ಜಂಪಿನ ಪಕ್ಕದಿಂದ, ಹಲುಬೆಯನ್ನು ಹೆಗಲ ಮೇಲಿಟ್ಟುಕೊಂಡು, ನಿಧಾನವಾಗಿ ಜಾರಿಹೋದಳು. ಕೆಳಗೆ ಜನ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ಅದರ ನಡುವೆ ಟೀಗನ್‌ಳ ಅಂಕ ಓದಿದ್ದು ನಾಡಿನ್‌ಗೆ ಕೇಳಿಸಲಿಲ್ಲ.

“ಏಳನೇದು,” ಎಂದಳು ಟೀಗನ್. “ಕೈ ಊರಿಬಿಟ್ಟೆ.”

“ನೋಡ್ದೆ.”

“ಗಾಳಿ ಇರ್ಲಿಲ್ಲ. ನಂದೇ ತಪ್ಪು.”

“ಹೂಂ.”

“ಸಮಾಧಾನ ಹೇಳೋಕೂ ಬರಲ್ವಾ ನಿಂಗೆ?”

“ಡಬ್ಬಿಯಲ್ಲಿ ಪೆರೋಗಿ ಇದೆ. ತಿಂತೀಯಾ?”

ಟೀಗನ್ ಆ ಆಲೂಗಡ್ಡೆ ಕಡುಬುಗಳನ್ನು ತಿಂದಳು, ಆರು ತಿಂದಳು. ಅಷ್ಟರಲ್ಲಿ ರೆಟ್ಟಿಗ್ ಒಂದು ಫಾರಂ ತಂದರು. ಒಂಬತ್ತು ನಿಮಿಷ ಜಂಪ್ ಮುಚ್ಚಿದ್ದಕ್ಕೆ ಕಾರಣ ಬರೆಯಬೇಕಿತ್ತು. “ಮೂಢನಂಬಿಕೆ ಅಂತ ಬರೀತೀರಾ?” ಎಂದು ಕೇಳಿದರು. ನಾಡಿನ್ ಕೈಗವಸು ಬಿಚ್ಚಿ, ‘ಗಾಳಿ’ ಎಂದು ಬರೆದು ಸಹಿ ಹಾಕಿದಳು. ಅವರು ಅದನ್ನು ಓದಿ, ಹಲುಬೆಯ ಪಟ್ಟಿಯನ್ನು ಬೆರಳಿನಿಂದ ಒಮ್ಮೆ ಎತ್ತಿ ನೋಡಿ ಹೋದರು.

ಈ ಚಳಿಗಾಲ ಮೂರನೇ ಜಂಪಿನ ಅಂಚಿನಲ್ಲೂ ಒಂದು ಮೀಟರ್ ನೆಟ್ಟಿದ್ದಾರೆ. ನಾಡಿನ್ ಪಟ್ಟಿಯನ್ನು ಬಿಚ್ಚಿಲ್ಲ. ದಿನವೂ ಎರಡನ್ನೂ ಹೋಲಿಸಿ ನೋಡುತ್ತಾಳೆ. ಮೀಟರ್ ಇಲ್ಲಿಯವರೆಗೆ ಸರಿಯಾಗೇ ಹೇಳಿದೆಯಂತೆ. ಟೀಗನ್ ಬೆಳಿಗ್ಗೆ ಬೂಟು ಒಣಗಿಸಿ, ಮಧ್ಯಾಹ್ನ ಆ ಜಂಪಿನಲ್ಲೇ ಅಭ್ಯಾಸ ಮಾಡುತ್ತಾಳೆ.