ವಿಶಾಲಮ್ಮ ತೆಗೆದ ಬೀಗ

ವಿಶಾಲಮ್ಮ ನನ್ನ ಜೊತೆ ಮಾನಸಿಕ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಎಂಬತ್ತೆರಡನೇ ಇಸವಿಯಲ್ಲಿ ಬಂದ ಹೊಸ ಡಾಕ್ಟರು, ರೋಗಿಗಳು ರೇಗಿದಾಗ ಕೈ ತಿರುಚುವುದು, ಮಂಚಕ್ಕೆ ಕಟ್ಟುವುದು ಇನ್ನು ಬೇಡವೆಂದು ನಮಗೆಲ್ಲ ತರಬೇತಿ ಇಟ್ಟರು. ಈ ವಯಸ್ಸಿನಲ್ಲಿ ರೋಗಿಯ ಮುಂದೆ ನಿಲ್ಲುವುದು ಹೇಗೆಂದು ಕಲಿಯಬೇಕಂತೆ ಎಂದು ನಾನು ಗೊಣಗಿದೆ.

ನಮ್ಮನಮ್ಮಲ್ಲೇ ಅಭಿನಯಿಸಿ ಕಲಿಯುವಾಗ ರೋಗಿಯ ಪಾತ್ರ ವಿಶಾಲಮ್ಮನಿಗೆ ಬಂತು. ಮೂಲೆಯಲ್ಲಿ ಕೂತಳು. ವಾರ್ಡಿನ ಅಟೆಂಡರ್ ಮಾಯಣ್ಣ ಸಮಾಧಾನ ಮಾಡಲು ಹೋಗಿ ಬಾಗಿಲಿಗೆ ಅಡ್ಡ ನಿಂತ. ಅವಳು ಎದ್ದು ತಳ್ಳಿದ ರಭಸಕ್ಕೆ ಗೋಡೆಗೆ ಹೋಗಿ ಬಿದ್ದ. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು.

“ನೋಡಿದ್ರಾ? ದಾರಿ ಕಟ್ಟಿದ್ರೆ ಯಾರಿಗಾದ್ರೂ ಹೀಗೇ ಆಗುತ್ತೆ. ಪಕ್ಕಕ್ಕೆ ನಿಂತ್ಕೊಳ್ಳಿ, ಕೈ ಕೆಳಗಿರ್ಲಿ, ಮೆಲ್ಲಗೆ ಮಾತಾಡಿ,” ಎಂದರು ಡಾಕ್ಟರು.

ಸಂಜೆ ಇಬ್ಬರೂ ಚಾಮರಾಜಪೇಟೆಗೆ ನಡೆದು ಬಂದೆವು. ವಠಾರದಲ್ಲಿ ಅವಳದು ಒಂದೇ ಕೋಣೆ. ಒಳಗೆ ತಂಗಿ ಲಕ್ಕಮ್ಮ. ಅವಳಿಗೂ ಮನಸ್ಸಿನ ಕಾಯಿಲೆ. ತಾಯಿ ಸತ್ತ ಮೇಲೆ ಈ ತಂಗಿಗಾಗಿಯೇ ವಿಶಾಲಮ್ಮ ಮದುವೆ ಬೇಡವೆಂದಿದ್ದಳು. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಬೇಕು, ಇಲ್ಲದಿದ್ದರೆ ಮನೆ ಬಿಡಬೇಕು ಎಂಬುದು ಓನರು ಪಾರ್ವತಮ್ಮನವರ ಕರಾರು. ಇಂಥ ತಂಗಿ ಇದ್ದಾಳೆಂದರೆ ಬೇರೆ ಯಾರು ಮನೆ ಕೊಡುತ್ತಾರೆ?

ಅಂದು ವಿಶಾಲಮ್ಮ ಬೀಗ ತೆಗೆದು ಪಕ್ಕಕ್ಕೆ ನಿಂತಳು.

“ಬಾರೇ ಲಕ್ಕಿ, ಆಚೆ ಕೂತ್ಕೋ. ನಾಳೆಯಿಂದ ಬೀಗ ಹಾಕಲ್ಲ.”

ಲಕ್ಕಮ್ಮ ಬಂದು ನಲ್ಲಿಯ ಹತ್ತಿರ ಕೂತು ಕಾಲಿನ ಮೇಲೆ ನೀರು ಬಿಟ್ಟುಕೊಂಡಳು. ಅವಳು ಮಾಡಿದ್ದು ಅಷ್ಟೇ.

“ಬೀಗ ಹಾಕಲ್ವಾ? ಮಕ್ಕಳು ಓಡಾಡೋ ಜಾಗ ಇದು!” ಎಂದು ಪಾರ್ವತಮ್ಮ ಕಿರುಚುತ್ತಾ ಬಂದರು. ನನಗೆ ಮೈಯೆಲ್ಲ ಉರಿಯಿತು. ವಿಶಾಲಮ್ಮ ಮಾತ್ರ ಕಲಿತದ್ದನ್ನು ಒಂದೂ ಬಿಡದೆ ಮಾಡಿದಳು. ಅಡ್ಡ ನಿಲ್ಲಲಿಲ್ಲ, ಕೈ ಎತ್ತಲಿಲ್ಲ. “ನಿಮ್ಗೆ ಭಯ ಆಗಿದೆ ಅಲ್ವಾ ಅಮ್ಮ? ಹೇಳಿ, ಕೇಳ್ತೀನಿ,” ಎಂದಳು. ನಿಜಕ್ಕೂ ಅವರ ದನಿ ಇಳಿಯಿತು. ಮೆಟ್ಟಿಲ ಮೇಲೆ ಕೂತು ಅವಳ ಕೈ ಹಿಡಿದುಕೊಂಡರು.

“ಹೌದಮ್ಮ, ಭಯಾನೇ. ನಿನ್ನ ಮೇಲೆ ಕೋಪ ಇಲ್ಲ. ಬೀಗ ಹಾಕು, ಇಲ್ಲಾಂದ್ರೆ ತಿಂಗ್ಳ ಕೊನೆಗೆ ಖಾಲಿ ಮಾಡ್ಬಿಡು,” ಎಂದು ಪ್ರೀತಿಯಿಂದಲೇ ಹೇಳಿದರು.

ಕೂಗಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಸಮಾಧಾನವಾಗಿ ಕೂತವರನ್ನು ಏನು ಮಾಡಬೇಕೆಂದು ಡಾಕ್ಟರು ಹೇಳಿಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕರೆಯಲು ಹೋದಾಗ ವಿಶಾಲಮ್ಮ ಬೀಗ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಕೆಂಪಗಾಗಿತ್ತು. ಒಳಗೆ ಲಕ್ಕಮ್ಮ ಪಕ್ಕಕ್ಕೆ ಸರಿದು, ಕೈ ಕೆಳಗಿಟ್ಟುಕೊಂಡು, ಅಕ್ಕನಿಗೆ ಮೆಲ್ಲಗೆ ಹೇಳುತ್ತಿದ್ದಳು:

“ಹಾಕ್ಕೊಂಡು ಹೋಗಕ್ಕ. ನಂಗೇನೂ ಆಗಲ್ಲ. ನಿಂಗೆ ಹೊತ್ತಾಗುತ್ತೆ.”